ಊಟಕ್ಕೇನಿತ್ತು ಎಂಬ ನಿರುಪದ್ರವಿ ಪ್ರಶ್ನೆ

ನಮ್ಮ ಸಮಾಲೋಚನಾ ಕೇಂದ್ರಕ್ಕೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಮೊನ್ನೆ ಮನೆಗೆ ಬಂದು, "ಸರ್, ನಿಮ್ಮ ಅನುಭವ ಬರದು ಕೊಡ್ರಿ, ನಮಗ ಉಪಯೋಗ ಆಗ್ತದ" ಎಂದರು. ನಿವೃತ್ತನಾದವನ ಬಳಿ ಅನುಭವ ಕೇಳುವುದೆಂದರೆ ಹಸಿದ ಎಮ್ಮೆಯ ಮುಂದೆ ಕಣಿಕೆಯ ಸೂಡು ಬಿಚ್ಚಿದ ಹಾಗೆ. ನಾನು ಗಂಭೀರವಾಗಿ ಕನ್ನಡಕ ಒರೆಸಿಕೊಂಡು, ವಿಚಾರ ಮಾಡಿ ತಿಳಿಸುವುದಾಗಿ ಹೇಳಿದೆ. ಅವರು ಗೇಟು ದಾಟುವ ಮೊದಲೇ ಕಾಗದ ಹುಡುಕತೊಡಗಿದ್ದೆ.

ಬಡ್ತಿಯ ವಿಷಯ ಇಲ್ಲಿ ಬರುವುದಿಲ್ಲ. ನಾನು ಅದನ್ನು ಕೈಬಿಡುವ ಎಷ್ಟೋ ವರ್ಷ ಮೊದಲೇ ಅದು ನನ್ನನ್ನು ಕೈಬಿಟ್ಟಿತ್ತು. ತಪ್ಪುಗಳ ವಿಷಯ ಬರೆಯುತ್ತೇನೆ. ಅದರಲ್ಲಿ ನನ್ನ ಸೇವಾ ಹಿರಿತನವನ್ನು ಯಾರೂ ಅಲ್ಲಗಳೆಯಲಾರರು.

ಕೆಲಸ ಏನೆಂಬುದನ್ನು ಮೊದಲು ಹೇಳಿಬಿಡುತ್ತೇನೆ. ಗಂಡ ಹೆಂಡತಿ ಬೇರೆಯಾದಾಗ ಹೊಲ, ಬಂಗಾರ, ಭಾಂಡೆ ಸಾಮಾನು ಹಂಚುವುದಕ್ಕೆ ವಕೀಲರು, ಹಿರಿಯರು, ಊರ ಪಂಚರು ಎಲ್ಲರೂ ಓಡಿ ಬರುತ್ತಾರೆ. ಮಗು ಮಾತ್ರ ಎರಡು ಮನೆಗಳ ನಡುವೆ ಚೀಲ ಹಿಡಿದುಕೊಂಡು ನಿಂತಿರುತ್ತದೆ. ಆ ನಡುವಿನ ಜಾಗದ ಉಸ್ತುವಾರಿ ನಮ್ಮದು. ಹುಮ್ನಾಬಾದಿನಲ್ಲಿ ಎರಡು ಕೋಣೆಯ ಕಚೇರಿ. ಗುರುವಾರಕ್ಕೊಮ್ಮೆ ಬಸವಕಲ್ಯಾಣದಲ್ಲಿ ಎರವಲು ಪಡೆದ ಒಂದು ಕೋಣೆ. ಮಗು ಯಾವ ದಿನ ಯಾರ ಬಳಿ ಇರಬೇಕು, ಎಲ್ಲಿ ಕೈ ಬದಲಾಗಬೇಕು ಎಂಬ ವೇಳಾಪಟ್ಟಿಯನ್ನು ಕೋರ್ಟಿನವರು ನಮ್ಮ ತಲೆಗೆ ಕಟ್ಟಿದ್ದರು. ಹೀಗಾಗಿ ನಮ್ಮ ಜಗಲಿಯ ಮೇಲೆ ಶನಿವಾರ ಬೆಳಗ್ಗೆ ಅಪ್ಪಂದಿರು ಒಂದು ಕಡೆ, ಅವ್ವಂದಿರು ಇನ್ನೊಂದು ಕಡೆ, ಪರಸ್ಪರ ನೋಡದಿರುವ ಕಷ್ಟದ ಕೆಲಸದಲ್ಲಿ ತೊಡಗಿ ಕೂತಿರುತ್ತಿದ್ದರು.

ನನ್ನ ಮೊದಲ ತಪ್ಪು ಸೇರಿದ ವಾರದಲ್ಲೇ ಆಯಿತು. ಆರು ವರ್ಷದ ಹುಡುಗನೊಬ್ಬನನ್ನು ಎದುರಿಗೆ ಕೂರಿಸಿಕೊಂಡು, ನ್ಯಾಯಮೂರ್ತಿಯ ದನಿಯಲ್ಲಿ, "ನಿನಗ ಅಪ್ಪ ಬೇಕೋ, ಅವ್ವ ಬೇಕೋ?" ಎಂದು ಕೇಳಿದೆ. ಹುಡುಗ ಬಹಳ ಹೊತ್ತು ವಿಚಾರ ಮಾಡಿ, "ಸೈಕಲ್ ಬೇಕ್ರಿ" ಎಂದ. ನಾನು ಅದನ್ನು ಯಥಾವತ್ತಾಗಿ ವರದಿಯಲ್ಲಿ ಬರೆದೆ. ನನ್ನ ಮೇಲಧಿಕಾರಿ ನಿರ್ಮಲಾ ಮೇಡಂ, ವಯಸ್ಸಿನಲ್ಲಿ ನನಗಿಂತ ಎಂಟು ವರ್ಷ ಚಿಕ್ಕವರು, ತಾಳ್ಮೆಯಲ್ಲಿ ಅಜ್ಜಿಯಷ್ಟು ದೊಡ್ಡವರು. ವರದಿ ಓದಿ, "ಸೈಕಲ್ ಯಾರ ವಶಕ್ಕ ಕೊಡೋಣ್ರಿ?" ಎಂದು ಕೇಳಿದರು. ಆಮೇಲೆ ನಗದೆ ಹೇಳಿದರು: "ಆ ಪ್ರಶ್ನಾ ಇನ್ನೊಮ್ಮಿ ಯಾವ ಕೂಸಿಗೂ ಕೇಳಬ್ಯಾಡ್ರಿ. ಉತ್ತರ ಕೊಟ್ರ ಒಬ್ಬರಿಗಿ ಮೋಸ ಮಾಡಿದಂಗ ಅಂತ ಅವಕ್ಕ ಅನಸ್ತದ."

ಕೇಳುವುದನ್ನು ಅಂದೇ ಬಿಟ್ಟೆ.

ನಂತರ ಚಿತ್ರ ಬಿಡಿಸುವ ಕಾಲ ಬಂತು. ದೊಡ್ಡ ಊರಿನಿಂದ ಬಂದ ತರಬೇತುದಾರರೊಬ್ಬರು, ಮಗುವಿನ ಕೈಯಲ್ಲಿ ಮನೆಯ ಚಿತ್ರ ಬರೆಸಿದರೆ ಮನಸ್ಸಿನ ಒಳಗಿನದೆಲ್ಲ ಕಾಗದದ ಮೇಲೆ ಬರುತ್ತದೆ ಎಂದು ಕಲಿಸಿಕೊಟ್ಟರು. ಗೋರ್ಟಾದ ಹುಡುಗನೊಬ್ಬ ಅಪ್ಪನನ್ನು ಬೆರಳಷ್ಟು, ಹೋರಿಯನ್ನು ಹಾಳೆಯ ತುಂಬ ಬರೆದ. ತರಬೇತುದಾರರು, "ಇದು ಆಳವಾದ ಭಯದ ಗುರುತು" ಎಂದರು. ನಾನು ಹುಡುಗನ ಊರಿಗೆ ಹೋಗಿ ಆ ಹೋರಿಯನ್ನು ಖುದ್ದು ನೋಡಿ ಬಂದೆ. ಅಳತೆ ಸರಿಯಾಗಿಯೇ ಇತ್ತು.

ಹೀಗೆ ಎರಡು ಹಾದಿ ಮುಚ್ಚಿದ ಮೇಲೆ ನಾನೇ ಒಂದು ಪದ್ಧತಿ ಕಂಡುಹಿಡಿದೆ. ಮಗು ಬಂದೊಡನೆ, "ಏನವಾ, ಊಟಕ್ಕೇನಿತ್ತು?" ಎಂದು ಕೇಳುವುದು. ನಮ್ಮ ಸೀಮೆಯಲ್ಲಿ ಎದುರಿಗೆ ಸಿಕ್ಕವರೆಲ್ಲ ಕೇಳುವ ಮಾತು. ಇದಕ್ಕಿಂತ ನಿರುಪದ್ರವಿಯಾದ ಪ್ರಶ್ನೆ ಲೋಕದಲ್ಲಿ ಇಲ್ಲವೆಂದು ನಾನು ನಂಬಿದ್ದೆ. ಮಕ್ಕಳು ರೊಟ್ಟಿಯಿಂದ ಶುರುಮಾಡಿ ತಾವಾಗಿಯೇ ಎಲ್ಲ ಹೇಳುತ್ತಿದ್ದರು. ಎರಡು ವಿಚಾರ ಸಂಕಿರಣಗಳಲ್ಲಿ ಈ ಪದ್ಧತಿಯ ಬಗ್ಗೆ ಮಾತನಾಡಿ ಶಾಲು ಹೊದಿಸಿಕೊಂಡೆ. ಆಮೇಲೆ ಅಂಬಿಕಾ ಬಂದಳು.

ಅಂಬಿಕಾ ಎಂಟು ವರ್ಷದ ಹುಡುಗಿ. ಅವ್ವ ಸುನೀತಾ, ಮುಡಬಿಯ ತವರಿಗೆ ಬಂದು, ಅಲ್ಲಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಅಪ್ಪ ಮಲ್ಲಪ್ಪ ದುಬಲಗುಂಡಿಯವನು. ಅರವತ್ತು ಕುರಿ, ನಾಲ್ಕು ಎಕರೆ ಹೊಲ, ಮಾತು ಕಡಿಮೆ. ಇಬ್ಬರೂ ಕೆಟ್ಟವರಲ್ಲ. ಕೂಡಿ ಇದ್ದಾಗ ಮಾತ್ರ ಕೆಟ್ಟವರಾಗುತ್ತಿದ್ದರು. ಹುಡುಗಿ ಅವ್ವನ ಬಳಿ ಇದ್ದು ಶಾಲೆಗೆ ಹೋಗುವುದು, ಒಂದು ಶನಿವಾರ ಬಿಟ್ಟು ಒಂದು ಶನಿವಾರ ಅಪ್ಪನ ಊರಿಗೆ ಹೋಗಿ ಭಾನುವಾರ ಮರಳುವುದು, ಕೈ ಬದಲಾಗುವುದು ನಮ್ಮ ಕಚೇರಿಯಲ್ಲಿ ಎಂದು ಬರೆದುಕೊಟ್ಟೆ.

ಮೊದಲ ಭಾನುವಾರ ದುಬಲಗುಂಡಿಯಿಂದ ಮರಳಿದಾಗ ಕೇಳಿದೆ: "ಏನವಾ ಅಂಬಿಕಾ, ಊಟಕ್ಕೇನಿತ್ತು?"

"ಏನೂ ಇರಲಿಲ್ರಿ. ಬರೇ ಖಾರ ರೊಟ್ಟಿ" ಎಂದಳು, ನೆಲ ನೋಡುತ್ತ.

ಬರೆದುಕೊಂಡೆ. ಮುಂದಿನ ಸಲ ಮುಡಬಿಯಿಂದ ಬಂದಾಗಲೂ ಕೇಳಿದೆ.

"ಅವ್ವಗ ಸಾಲಿ ಅಡಗಿ ಮಾಡಿ ಸಾಕಾಗಿರ್ತದ್ರಿ. ಮನ್ಯಾಗ ಮಾಡಂಗಿಲ್ಲ. ನಾ ಹಂಗೇ ಮಲಗ್ತೀನಿ."

ಅದನ್ನೂ ಬರೆದುಕೊಂಡೆ. ಮೂರು ತಿಂಗಳಲ್ಲಿ ನನ್ನ ನೋಟುಬುಕ್ಕಿನಲ್ಲಿ ಆ ಹುಡುಗಿಯ ಹಸಿವು ಹನ್ನೆರಡು ಪುಟ ತುಂಬಿತು. ನನಗೆ ಕಣ್ಣು ತುಂಬಿ ಬಂತು. ಅದೇ ಭರದಲ್ಲಿ, ಮೇಡಂ ರಜೆಯಲ್ಲಿದ್ದಾಗ, 'ಎರಡೂ ಮನೆಗಳಲ್ಲಿ ಮಗುವಿನ ಆಹಾರದ ಬಗ್ಗೆ ತೀವ್ರ ನಿರ್ಲಕ್ಷ್ಯ ಕಂಡುಬಂದಿದೆ' ಎಂದು ಉಭಯತರಿಗೂ ಒಂದೊಂದು ಪತ್ರ ಕಳಿಸಿದೆ. ನಾನು ಬರೆದ ಪತ್ರಗಳಲ್ಲೆಲ್ಲ ಭಾಷೆಯ ದೃಷ್ಟಿಯಿಂದ ಅದು ಅತ್ಯುತ್ತಮವಾದದ್ದು.

ಸೋಮವಾರ ಬಾಗಿಲು ತೆರೆಯುವ ಮೊದಲೇ ಸುನೀತಾ ಅಣ್ಣನ ಜೊತೆ ಜಗಲಿ ಮೇಲೆ ನಿಂತಿದ್ದಳು. ಅಣ್ಣ ಶಿವರಾಜ, ಅಂದರೆ ಅಂಬಿಕಾಳ ಸೋದರಮಾವ, ಪತ್ರವನ್ನು ಸುರುಳಿ ಸುತ್ತಿ ಕೈಯಲ್ಲಿ ಬಡಿಗೆಯ ಹಾಗೆ ಹಿಡಿದಿದ್ದ.

"ಸಾಹೇಬ್ರೆ, ನಾ ದಿನಾ ಇನ್ನೂರು ಮಕ್ಕಳಿಗಿ ಅಡಗಿ ಮಾಡ್ತೀನಿ. ನನ್ನ ಹೊಟ್ಟಿ ಮಗಳಿಗಿ ಉಪಾಸ ಕೆಡವ್ತೀನಾ? ಯಾವ ಬಾಯಿಲಿಂದ ಬರದ್ರಿ ಇದು?"

"ಕೈಯಿಂದ ಬರದಾರ" ಎಂದ ಶಿವರಾಜ, ನ್ಯಾಯಯುತವಾಗಿ. "ಖರೇ ಒಂದು ಮಾತು ಸರಿ ಬರದಾರ. ಆ ದುಬಲಗುಂಡ್ಯಾಗ ಪೋರಿಗಿ ಊಟ ಹಾಕಂಗಿಲ್ಲ. ಮನಿಗಿ ಬಂದಾಗೊಮ್ಮಿ ನಮ್ಮವ್ವಗ ಅದೇ ಹೇಳ್ತಾಳ. ವಕೀಲರಿಗಿ ಹೇಳೀವಿ. ಇನ್ನ ಅಲ್ಲಿಗಿ ಕಳಸಂಗಿಲ್ಲ."

ಮಧ್ಯಾಹ್ನ ಮಲ್ಲಪ್ಪ ತನ್ನ ತಾಯಿಯನ್ನು ಬೈಕಿನ ಮೇಲೆ ಕೂರಿಸಿಕೊಂಡು ಬಂದ. ಅಂಬಿಕಾ 'ಆಯಿ' ಎಂದು ಕರೆಯುವ ಆ ಅಜ್ಜಿ ನನ್ನನ್ನು ಕಾಲಿನಿಂದ ತಲೆಯವರೆಗೆ ಅಳೆದಳು.

"ಕುರಿ ಹಾಲಾಗ ರೊಟ್ಟಿ ಮುರದು ಹಾಕಿ, ನನ್ನ ಕೈಲೆ ತಿನಸ್ತೀನೋ ಮಾರಾಯ. ಪೋರಿ ಬಾಯಿ ಒರಸಿಕೊಂಡು, 'ಆಯಿ, ಮುಡಬ್ಯಾಗ ಏನೂ ಕೊಡಂಗಿಲ್ಲ' ಅಂತಾಳ. ನಾವೂ ವಕೀಲರ ಕಡಿ ಹೊಂಟೀವಿ. ಕೂಸು ನಮ್ಮ ಮನ್ಯಾಗ ಇರಲಿ."

ಮಲ್ಲಪ್ಪ ತಾಯಿಯನ್ನು ಬೈಕಿನ ಮೇಲೆ ಕೂರಿಸಿದ. ಹೋಗುವಾಗ, "ನನ್ನ ಮಗಳು ನನ್ನ ಮನ್ಯಾಗ ಹಸದಾಳಂತ ಊರಾಗೆಲ್ಲಾ ಆಯ್ತ್ರಿ" ಎಂದ.

ಅಂದರೆ, ಎರಡು ಮನೆಯಿದ್ದ ಹುಡುಗಿ ಇನ್ನು ಕೋರ್ಟಿನ ಒಂದು ಪೇಶಿಯೊಳಗೆ, ಒಂದೇ ವಿಚಾರಣೆಯಲ್ಲಿ, ಯಾವುದೋ ಒಂದು ಮನೆ ಕಳೆದುಕೊಳ್ಳುವವಳಿದ್ದಳು. ಅದಕ್ಕೆ ಬೇಕಾದ ಕಾಗದವನ್ನು, ಸಹಿ ಮೊಹರಿನ ಸಮೇತ, ನಾನೇ ಒದಗಿಸಿದ್ದೆ.

ಮೇಡಂ ರಜೆಯಿಂದ ಬಂದು ಹನ್ನೆರಡು ಪುಟವನ್ನೂ ಓದಿದರು. ಆಮೇಲೆ ಒಂದೇ ಮಾತು ಕೇಳಿದರು.

"ತೂಕ ಮಾಡಿಸಿದ್ರೇನ್ರಿ?"

"ಯಾರದು?"

"ನಿಮ್ಮದಂತೂ ಅಲ್ಲ."

ಶಾಲೆಯಲ್ಲಿ ಮಕ್ಕಳ ತೂಕ ಬರೆದಿಡುತ್ತಾರೆ ಎಂಬ ಸಂಗತಿ ನನಗೆ ತಿಳಿಯದ್ದೇನಲ್ಲ. ಮುಡಬಿಗೆ ಹೋಗಿ ನೋಡಿದೆ. ಎರಡೂ ಮನೆಯಲ್ಲಿ ಉಪವಾಸವಿದ್ದ ಅಂಬಿಕಾ ಮೂರು ತಿಂಗಳಲ್ಲಿ ಎರಡು ಕಿಲೋ ಹೆಚ್ಚಾಗಿದ್ದಳು. ಅವಳ ತರಗತಿಯ ಶಿಕ್ಷಕಿ, "ಸರ್, ಹಿಂಗೇ ಉಪಾಸ ಮಾಡಿದ್ರ ಸಮವಸ್ತ್ರ ಬದಲಿ ಮಾಡಬೇಕಾಗ್ತದ" ಎಂದರು.

ಅಂಬಿಕಾಳನ್ನು ಶಾಲೆಯ ಬೇವಿನ ಗಿಡದ ಕೆಳಗೆ ಕೂರಿಸಿಕೊಂಡೆ. ಏನು ಕೇಳಬೇಕೆಂದೇ ತೋಚಲಿಲ್ಲ. ನನ್ನ ಹತ್ತಿರ ಇದ್ದದ್ದು ಒಂದೇ ಪ್ರಶ್ನೆ, ಅದು ಮುಟ್ಟುಗೋಲಾಗಿತ್ತು.  ಸ್ವಲ್ಪ ಹೊತ್ತಿಗೆ ಅವಳೇ ಕೇಳಿದಳು.

"ನನಗ ಬೈತೀರೇನ್ರಿ?"

"ಇಲ್ಲವಾ. ನಾ ನಿನಗಿಂತ ದೊಡ್ಡ ತಪ್ಪು ಮಾಡೀನಿ."

ಅದು ಅವಳಿಗೆ ಸಮಾಧಾನ ತಂದಂತೆ ಕಂಡಿತು. ಕಡ್ಡಿಯಿಂದ ಮಣ್ಣು ಗೀರುತ್ತ ಹೇಳಿದಳು: "ನಿಮ್ಮ ಕಚೇರಿಗಿ ಬರೋಕಿಂತ ಮೊದಲ ಒಮ್ಮಿ ಅಪ್ಪನ ಮನೀಲಿಂದ ಬಂದು, ಅಲ್ಲಿ ಹಾಲು ರೊಟ್ಟಿ ಭಾಳ ಛಲೋ ಇತ್ತು ಅಂದೆ. ಅವ್ವ ಒಳಗ ಹೋಗಿ ಅತ್ತಳು. ಅಪ್ಪನ ಮನ್ಯಾಗ ಅವ್ವನ ಅಡಗಿ ಛಲೋ ಅಂದೆ. ಅಪ್ಪ ಊಟ ಬಿಟ್ಟು ಎದ್ದು ಕುರಿ ಕಡಿ ಹ್ವಾದ. ಏನೂ ಇರಲಿಲ್ಲ ಅಂದ್ರ ಯಾರೂ ಅಳಂಗಿಲ್ರಿ. ಇಬ್ಬರೂ ಆಯಿ ಜಲ್ದಿ ಜಲ್ದಿ ಊಟಕ್ಕ ಹಾಕ್ತಾರ."

"ನೀನು ಎರಡು ಸಲ ಉಣ್ತಿದ್ದಿ?"

"ಹೌದ್ರಿ. ಏನ್ ಮಾಡ್ಲಿ, ಹಾಕ್ತಾರ."

ಹೊಸದಾಗಿ ಕೆಲಸಕ್ಕೆ ಬಂದ ತಂಗಿಯರೇ, ಇಲ್ಲಿ ಒಂದು ಗಳಿಗೆ ನಿಲ್ಲಿರಿ. ಊರ ಪ್ರತಿ ಅಜ್ಜಿಯೂ, ಸಂಬಳ ತೆಗೆದುಕೊಳ್ಳುವ ನಾನೂ, ಮಗು ಹೊಸ್ತಿಲಲ್ಲಿ ಕಾಲಿಡುವ ಮೊದಲೇ ಕೇಳುತ್ತಿದ್ದದ್ದು ಒಂದೇ ಮಾತು. ನಾವು ರೊಟ್ಟಿಯ ಬಗ್ಗೆ ಕೇಳುತ್ತಿದ್ದೇವೆ ಎಂದುಕೊಂಡಿದ್ದೆವು. ಹುಡುಗಿಗೆ ಅದು ಸಾಕ್ಷಿ ಹೇಳುವ ಕಟಕಟೆಯಾಗಿತ್ತು.

ಇದನ್ನು ಅವಳ ಹೆಸರು ಕೆಡದಂತೆ ಎರಡೂ ಕಡೆಗೆ ತಿಳಿಸುವ ಕೆಲಸವನ್ನು ಮೇಡಂ ತಾವೇ ಮಾಡಿದರು. ಸುನೀತಾಳಿಗೆ ತೂಕದ ಚೀಟಿ ತೋರಿಸಿ, "ಅಕಿ ಸುಳ್ಳು ಹೇಳಿಲ್ಲ, ನಿಮ್ಮ ಕಣ್ಣೀರು ಒರಸ್ಯಾಳ" ಎಂದರು. ಸುನೀತಾ, ವಕೀಲರ ಅರ್ಜಿಯನ್ನು ಎಳ್ಳಮಾವಾಸ್ಯೆಯ ತನಕ ತಡೆಯುತ್ತೇನೆ ಎಂದಳು. ಮಲ್ಲಪ್ಪನೂ ಹಾಗೇ ಅಂದ. ತಡೆಯುತ್ತೇವೆ ಅಂದರೇ ವಿನಾ ಬಿಡುತ್ತೇವೆ ಅನ್ನಲಿಲ್ಲ. ಎಳ್ಳಮಾವಾಸ್ಯೆಗೆ ಹುಡುಗಿಯನ್ನು ಯಾರು ಹೊಲಕ್ಕೆ ಕರೆದೊಯ್ಯುತ್ತಾರೆ ಎಂಬುದರ ಮೇಲೆ ಎಲ್ಲ ನಿಂತಿತು.

ನಮ್ಮ ಕಡೆಯವರಿಗೆ ಎಳ್ಳಮಾವಾಸ್ಯೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಆ ದಿನ ಊರಿಗೆ ಊರೇ ಹೊಲದಲ್ಲಿರುತ್ತದೆ. ಹತ್ತೆಂಟು ಕಾಳು ಸೊಪ್ಪು ಕೂಡಿಸಿ ಮಾಡಿದ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಹೊತ್ತುಕೊಂಡು ಹೋಗಿ, ಪೂಜೆ ಮಾಡಿ, ಬೆಳೆಗೆ ಚರಗ ಚೆಲ್ಲಿ, ಅಂದರೆ ಭೂಮಿತಾಯಿಗೆ ಮೊದಲು ಉಣಿಸಿ, ಆಮೇಲೆ ತಾವು ಉಣ್ಣುವುದು. ಎರಡೂ ಮನೆಯವರಿಗೆ ಮಗಳು ತಮ್ಮ ಹೊಲದಲ್ಲಿರಬೇಕು.

ಮೇಡಂ ಬೀದರಿಗೆ ಮೀಟಿಂಗಿಗೆ ಹೋಗಿದ್ದರು. ನಾನು ಸ್ಕೇಲು ಪೆನ್ಸಿಲು ಹಿಡಿದು, ರಾಜ್ಯಗಳ ಗಡಿ ಗುರುತಿಸುವವನ ಗಾಂಭೀರ್ಯದಲ್ಲಿ ದಿನವನ್ನು ಎರಡು ಭಾಗ ಮಾಡಿದೆ. ಬೆಳಗ್ಗೆ ಹನ್ನೊಂದರವರೆಗೆ ಮುಡಬಿಯ ಹೊಲ. ನಂತರ ಬಸವಕಲ್ಯಾಣದ ಮೇಲಿಂದ ಹುಮ್ನಾಬಾದ್, ಕಚೇರಿಯಲ್ಲಿ ಹಸ್ತಾಂತರ, ಅಲ್ಲಿಂದ ದುಬಲಗುಂಡಿಯ ಹೊಲ. ಇಬ್ಬರಿಗೂ ಸಮಪಾಲು. ಇಬ್ಬರೂ ತಕರಾರಿಲ್ಲದೆ ಸಹಿ ಹಾಕಿದರು. ಒಬ್ಬರು ಬೇಡವೆಂದರೆ ಇನ್ನೊಬ್ಬರು ಗೆಲ್ಲುತ್ತಾರಲ್ಲ.

ನನಗೆ ಸ್ವಂತ ಹೊಲವಿಲ್ಲ. ಪ್ರತಿವರ್ಷ ಯಾರಾದರೂ ಕರೆಯುತ್ತಾರೆ, ಹೋಗುತ್ತೇನೆ. ಆದರೆ ನಾನು ಎಲೆ ಹಾಕುವ ಹೊತ್ತಿಗೆ ಸರಿಯಾಗಿ ಹೊಲ ಮುಟ್ಟುವ ವರ್ಗಕ್ಕೆ ಸೇರಿದವನು. ಚರಗ ಚೆಲ್ಲುವುದು ಎಲ್ಲ ಹೊಲಗಳಲ್ಲೂ ಸೂರ್ಯ ನೆತ್ತಿಗೆ ಬಂದಾಗ ಎಂಬುದನ್ನು ಐವತ್ತು ವರ್ಷದಲ್ಲಿ ಒಮ್ಮೆಯೂ ಗಮನಿಸಿರಲಿಲ್ಲ. ಶೇರ್ ಆಟೋ ಓಡಿಸುವವರಿಗೂ ಹೊಲಗಳಿವೆ ಎಂಬುದನ್ನೂ ವಿಚಾರ ಮಾಡಿರಲಿಲ್ಲ.

ಆ ದಿನ ಹನ್ನೆರಡೂವರೆಗೆ ನಾನು ಕಚೇರಿ ತೆರೆದು ಕೂತೆ. ರಸ್ತೆಯಲ್ಲಿ ನಾಯಿ ಕೂಡ ಇರಲಿಲ್ಲ. ಅವೂ ಹೊಲಕ್ಕೆ ಹೋಗಿದ್ದವು. ಒಂದು ಗಂಟೆಗೆ ಮಲ್ಲಪ್ಪ ಬೈಕಿನಲ್ಲಿ ಬಂದ. ಹ್ಯಾಂಡಲಿಗೆ ಬಟ್ಟೆಯ ಗಂಟು ತೂಗುತ್ತಿತ್ತು.

"ಚರಗ ಆಯ್ತೇನಪ್ಪ?"

"ಆಗೇ ಹ್ವಾಯ್ತಲ್ರಿ. ಸೂರ್ಯ ನಿಲ್ತಾನೇನ್ರಿ ನಿಮ್ಮ ಕಾಗದಕ್ಕ?"

"ನೀ ಉಂಡಿ?"

"ಮಗಳು ಬರೋತನಕ ಹ್ಯಾಂಗ ಉಣ್ಲಿ?"

ಎರಡಾಯಿತು. ಶಿವರಾಜನ ಫೋನು ಹತ್ತಲಿಲ್ಲ. ಮಲ್ಲಪ್ಪ ಜಗಲಿಯ ತುದಿಯಿಂದ ತುದಿಗೆ ಓಡಾಡುತ್ತ, "ಕಳಸಂಗಿಲ್ರಿ ಅವರು. ಗೊತ್ತಿತ್ತು ನನಗ" ಎಂದು ಮೂರು ಸಲ ಹೇಳಿದ. ವಕೀಲರ ಹೆಸರನ್ನೂ ಒಮ್ಮೆ ಹೇಳಿದ.

ಮೂರಕ್ಕೆ ಹತ್ತು ನಿಮಿಷವಿದ್ದಾಗ, ಖಾಲಿ ಸೋಯಾ ಚೀಲ ತುಂಬಿದ ಟಂಟಂ ಗಾಡಿಯೊಂದು ಬಂದು ನಿಂತಿತು. ಚೀಲಗಳ ಮೇಲಿಂದ ಸುನೀತಾ, ಶಿವರಾಜ, ಅಂಬಿಕಾ ಇಳಿದರು. ಮೂವರ ಕೂದಲೂ ಧೂಳಿನಿಂದ ಒಂದೇ ಬಣ್ಣವಾಗಿತ್ತು.

"ಆಟೋ ಇಲ್ಲ, ಬಸ್ ಇಲ್ಲ" ಎಂದು ಶುರು ಮಾಡಿದಳು ಸುನೀತಾ. "ಕಲ್ಯಾಣದಾಗ ಎರಡು ತಾಸು ನಿಂತೀವಿ. ಹನ್ನೊಂದಕ್ಕ ಹೊಲ ಬಿಟ್ಟೀವಿ ಸಾಹೇಬ್ರೆ, ಪೂಜಾ ಸುದಾ ಆಗಿರಲಿಲ್ಲ. ಮೈಗಿ ನೀರು ಹಾಕ್ಕೊಂಡು ಬಂದ ಕೂಸು ಮುಂಜಾನಿಂದ ತುತ್ತು ತಿಂದಿಲ್ಲ!"

"ಏನಂದಿ? ತಿಂದಿಲ್ಲ?" ಎಂದ ಮಲ್ಲಪ್ಪ.

"ಚರಗ ಆಗಲಾರದೆ ಯಾರ್ ತಿಂತಾರ? ನಿಮ್ಮ ಹೊಲದಾಗ ಆಯ್ತೇನು?"

"ನಮ್ಮಲ್ಲಿ ಆಗಿ ಮೂರು ತಾಸಾಯ್ತು."

ಇಬ್ಬರೂ ಒಂದು ಕ್ಷಣ ಲೆಕ್ಕ ಹಾಕಿದರು. ಆಮೇಲೆ ಇಬ್ಬರೂ ಒಟ್ಟಿಗೆ ನನ್ನ ಕಡೆಗೆ ತಿರುಗಿದರು. ಬೀದರ ಜಿಲ್ಲೆಯಲ್ಲಿ ತಿರುಕನೂ ಹೊಟ್ಟೆ ತುಂಬ ಉಣ್ಣುವ ದಿನ, ನಾನು ಒಂದು ಮಗುವನ್ನು ಸಮಪಾಲಿನ ತತ್ವದಂತೆ ಖರೇ ಖರೇ ಉಪವಾಸ ಕೆಡವಿದ್ದೆ. ಮುಂದಿನ ಐದು ನಿಮಿಷ ಅವರಿಬ್ಬರೂ ನನ್ನ ಬುದ್ಧಿಯ ಬಗ್ಗೆ ಆಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ಮೂರು ವರ್ಷದಲ್ಲಿ ಆ ದಂಪತಿ ಒಮ್ಮತಕ್ಕೆ ಬಂದ ಮೊದಲ ವಿಷಯ ಅದು ಎಂಬುದನ್ನು ಮಾತ್ರ ದಾಖಲಿಸುತ್ತೇನೆ. ಒಬ್ಬರು ಬಿಟ್ಟ ಪದವನ್ನು ಇನ್ನೊಬ್ಬರು ಹುಡುಕಿ ಕೊಡುತ್ತಿದ್ದರು.

"ಮೊದಲ ಕೂಸಿಗಿ ಹಾಕ್ರಿ, ಆಮ್ಯಾಲ ಬೈರಿ" ಎಂದ ಶಿವರಾಜ.

ಮಲ್ಲಪ್ಪ ಗಂಟು ಬಿಚ್ಚಿದ. ಸುನೀತಾಳೂ ತನ್ನ ಬುತ್ತಿ ಬಿಚ್ಚಿದಳು. ಹಳೆಯ ವೃತ್ತಪತ್ರಿಕೆಯ ಮೇಲೆ ಎರಡು ಭಜ್ಜಿ, ಎರಡು ಥರದ ರೊಟ್ಟಿ, ಅಕ್ಕಪಕ್ಕ. ಅಂಬಿಕಾ ನಡುವೆ ಕೂತಳು. ಕೈ ಮುಂದೆ ಬಂತು, ನಿಂತಿತು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಕೈಯನ್ನು ಮತ್ತೆ ತೊಡೆಯ ಮೇಲೆ ಇಟ್ಟುಕೊಂಡು, "ನನಗ ಹಸುವಿಲ್ಲ" ಎಂದಳು.

ದೊಡ್ಡವರು ನಾಲ್ಕೂ ಜನ ಅವಳ ಕೈಯನ್ನೇ ನೋಡುತ್ತಿದ್ದೆವು. 

ಆಗ ಸುನೀತಾ ಕೈ ಚಾಚಿ, ದುಬಲಗುಂಡಿಯ ರೊಟ್ಟಿಯನ್ನು ಮುರಿದು, ದುಬಲಗುಂಡಿಯ ಭಜ್ಜಿಯಲ್ಲಿ ಅದ್ದಿ, ಬಾಯಿಗೆ ಹಾಕಿಕೊಂಡಳು. ಇನ್ನೂರು ಮಕ್ಕಳ ಅಡುಗೆಯವಳು, ನಿಧಾನವಾಗಿ ಅಗಿದಳು.

"ಉಪ್ಪು ಜರಾ ಕಮ್ಮಿ ಅದ" ಎಂದಳು. ಮಲ್ಲಪ್ಪನ ಮುಖ ಬಿಗಿಯಿತು. "ಖರೇ ನಿಮ್ಮವ್ವನ ಕೈ ಛಲೋ ಅದ. ಮೊದಲಿಂದ್ಲೂ ಛಲೋ ಇತ್ತು. ನನ್ನ ಭಜ್ಜಿ ಇಷ್ಟು ಮೆತ್ತಗ ಆಗಂಗಿಲ್ಲ."

ಮಲ್ಲಪ್ಪ ಅವಳ ಬುತ್ತಿಯ ಕಡೆ ಬಾಗಿದ. ಆಮೇಲೆ ಮುಡಬಿಯ ಭಜ್ಜಿಯನ್ನು ಬೆರಳಲ್ಲಿ ತೆಗೆದುಕೊಂಡು ತಿಂದ. ಮಾತು ಕಡಿಮೆಯವನು, ಎರಡನೇ ಸಲವೂ ತೆಗೆದುಕೊಂಡ.

ಅಂಬಿಕಾ ಎರಡೂ ಕೈ ಹಾಕಿದಳು. ತುಂಬಿದ ಬಾಯಲ್ಲೇ ಅವಳು ಹೇಳಿದ್ದೆಲ್ಲ ಅರ್ಥವಾಗಲಿಲ್ಲ. ದುಬಲಗುಂಡಿಯಲ್ಲಿ ಕರೀ ಕಿವಿಯ ಕುರಿ ಇವತ್ತೋ ನಾಳೆಯೋ ಈಯುತ್ತದಂತೆ, ಮರಿಗೆ ಅವಳೇ ಹೆಸರಿಡಬೇಕಂತೆ, ಆಯಿಯ ಕೌದಿ ಬಹಳ ಬೆಚ್ಚಗಂತೆ, ಅಪ್ಪ ಕುರಿಗಳಿಗೆ ಸೀಟಿ ಹೊಡೆಯುವುದನ್ನು ಅವಳಿಗೂ ಕಲಿಸಿದ್ದಾನಂತೆ. ಮೂರು ತಿಂಗಳು ನುಂಗಿಟ್ಟುಕೊಂಡದ್ದನ್ನೆಲ್ಲ ಅವ್ವನ ಮುಖಕ್ಕೇ ಹೇಳುತ್ತಿದ್ದಳು. ಸುನೀತಾಳ ಕಣ್ಣು ಒದ್ದೆಯಾಯಿತು. ಆದರೆ ಎದ್ದು ಹೋಗಲಿಲ್ಲ.

"ಕುರಿ ಕೂಡ ಮಲಗಬ್ಯಾಡ. ಕಳೆದ ಸಲ ಉಣ್ಣೆ ಹುಳ ತಂದಿದ್ದಿ, ತೆಗಿಯೋದ್ರಾಗ ನನ್ನ ಜೀವ ಹ್ವಾಯ್ತು" ಎಂದಳು.

ನಾಲ್ಕಕ್ಕೆ ಮಲ್ಲಪ್ಪ ಬೈಕು ಚಾಲೂ ಮಾಡಿದ. ಹುಡುಗಿ ಹಿಂದೆ ಹತ್ತಿ ಅವನ ಸೊಂಟ ಹಿಡಿದುಕೊಂಡಳು. ಕರೀ ಕಿವಿಯ ಕುರಿ ಕಾಯುತ್ತಿತ್ತಲ್ಲ, "ಜಲ್ದಿ ಅಪ್ಪಾ, ಜಲ್ದಿ" ಎನ್ನುತ್ತ ಹೊರಟೇಬಿಟ್ಟಳು. ಬೈಕು ಮೂಲೆ ತಿರುಗಿತು.

ಸುನೀತಾ ರಸ್ತೆಯ ನಡುವೆ ನಿಂತು ನೋಡುತ್ತಿದ್ದಳು.

"ನೋಡ್ರಿ ಸಾಹೇಬ್ರೆ, ಹಿಂದ ಹೊಳ್ಳಿ ಸುದಾ ನೋಡ್ಲಿಲ್ಲ ನನ್ನ ಮಗಳು!"

ಏನಾದರೂ ಸಮಾಧಾನ ಹೇಳಬೇಕೆಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ಸೆರಗಿನಿಂದ ಮುಖದ ಧೂಳು ಒರೆಸಿಕೊಂಡು, ಅಣ್ಣನ ಕಡೆ ತಿರುಗಿ ಹೇಳಿದಳು.

"ವಕೀಲರಿಗಿ ಬ್ಯಾಡಂತ ಹೇಳಿಬಿಡು ಅಣ್ಣಾ. ಅಕಿಗಿ ಅಲ್ಲಿ ಖುಷಿ ಅದ."